ಆಲ್ಮೋಸ್ಟ್ ಆಯ್ತು ಅಣ್ಣ

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಅಂದ್ರೆ ನನಗೆ ಮನೆಮಾತು, ಸ್ಕೂಲಲ್ಲಿ ಸೆಕೆಂಡ್ ಲ್ಯಾಂಗ್ವೇಜ್, ಹಾಸ್ಟೆಲಲ್ಲಿ ಬೈಯೋ ಭಾಷೆ. ಇಷ್ಟುದ್ದ ಬರೆದಿದ್ದು ಎಸ್ಸೆಸ್ಸೆಲ್ಸಿ ಪ್ರಬಂಧ ಬಿಟ್ಟರೆ ಇದೇ ಮೊದಲು. ಸಂಘದ ಗ್ರೂಪಿನಲ್ಲಿ ನಮ್ಮ ಸಂಪಾದಕರು, "ಎಲ್ಲರೂ ಮಳೆ, ಅಮ್ಮ, ಬ್ರೇಕಪ್ ಇಷ್ಟೇ ಬರೀತೀರಾ, ಓದೋದು ಇಂಜಿನಿಯರಿಂಗ್ ತಾನೇ?" ಅಂತ ಕೇಳಿದ್ದಕ್ಕೆ ಧೈರ್ಯ ಮಾಡಿದೀನಿ. ತಪ್ಪಿದ್ದರೆ ಅವರೇ ತಿದ್ದಿರುತ್ತಾರೆ, ಉಳಿದಿದ್ದರೆ ಅದೂ ಅವರದ್ದೇ.

ವಿಷಯ ಅಜೈಲ್. ಸಾಫ್ಟ್‌ವೇರ್ ಇಂಜಿನಿಯರಿಂಗ್ ಪೇಪರ್ ನಮಗೆ ಬರೋದು ಮುಂದಿನ ವರ್ಷ. ಆದರೆ ಅಜೈಲ್ ಅನ್ನೋ ಪದ ಮಾತ್ರ ಫಸ್ಟ್ ಇಯರ್ ಓರಿಯೆಂಟೇಶನ್ನಿಂದಲೇ ಕಿವಿಗೆ ಬೀಳ್ತಾ ಇದೆ. ಪ್ಲೇಸ್‌ಮೆಂಟ್ ಟಾಕ್ ಕೊಡೋಕೆ ಬರೋ ಎಲ್ಲರೂ ಹೇಳ್ತಾರೆ, "ನಮ್ಮದು ಅಜೈಲ್ ಟೀಮ್". ಕೇಳಿದವರೆಲ್ಲ ತಲೆ ಆಡಿಸ್ತೀವಿ. ನಾನೂ ಆಡಿಸಿದ್ದೆ, ಹೋದ ವರ್ಷ ಫೆಸ್ಟ್ ವೆಬ್‌ಸೈಟ್ ಕೆಲಸಕ್ಕೆ ಸೇರೋವರೆಗೂ.

ಆ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅದರಲ್ಲಿ ದುಡ್ಡು ಕಳ್ಕೊಂಡಿದ್ದವರಂತೂ ಮರೆತಿರಲ್ಲ. ಗೊತ್ತಿಲ್ಲದವರಿಗೆ ಹೇಳ್ತೀನಿ.

ಒಂದು ಹಬ್ಬ ಅಂದುಕೊಳ್ಳಿ, ಹೆಸರು ಬೇಡ. ಅದರ ರಿಜಿಸ್ಟ್ರೇಶನ್ ವೆಬ್‌ಸೈಟ್ ಮಾಡೋಕೆ ಏಳು ಜನರ ಟೀಮ್. ಲೀಡ್ ಒಬ್ಬ ಥರ್ಡ್ ಇಯರ್ ಅಣ್ಣ. ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಮುಗಿಸಿ ಬಂದಿದ್ದ, ಬರುವಾಗ ಅಜೈಲನ್ನೂ ತಂದಿದ್ದ. ಟ್ರೆಲ್ಲೋ ಬೋರ್ಡ್ ಆಯ್ತು. ಎರಡೆರಡು ವಾರದ ಸ್ಪ್ರಿಂಟ್ ಆಯ್ತು. ರಾತ್ರಿ ಊಟ ಆದಮೇಲೆ ಮೆಸ್ ಮೆಟ್ಟಿಲ ಹತ್ತಿರ ಹದಿನೈದು ನಿಮಿಷ ಸ್ಟ್ಯಾಂಡ್‌ಅಪ್. ನಿಜವಾಗಲೂ ನಿಂತುಕೊಂಡೇ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ, ಏನಾದರೂ ಅಡ್ಡ ಇದೆಯಾ ಅಂತ ಮೂರು ಪ್ರಶ್ನೆ. ನನಗಂತೂ ಕಂಪನಿಗೆ ಸೇರಿದಷ್ಟೇ ಖುಷಿ ಆಗಿತ್ತು. ಅಪ್ಪನಿಗೆ ಫೋನ್ ಮಾಡಿ "ನಾವು ಸ್ಕ್ರಮ್ ಫಾಲೋ ಮಾಡ್ತಿದೀವಿ" ಅಂದಿದ್ದೆ. ಅವರು "ಊಟ ಆಯ್ತಾ" ಅಂದ್ರು.

ಪೇಮೆಂಟ್ ಭಾಗ ನನ್ನ ಗೆಳೆಯನಿಗೆ ಬಂತು. ಹಾಸನ ಕಡೆಯವನು, ಮಾತು ಕಮ್ಮಿ, ಕೆಲಸ ಗಟ್ಟಿ. ನಾಲ್ಕನೇ ದಿನದ ಸ್ಟ್ಯಾಂಡ್‌ಅಪ್‌ನಲ್ಲಿ ಅವನು ಹೇಳಿದ, "ಅಣ್ಣ, ಒಂದು ಪ್ರಾಬ್ಲಮ್ ಇದೆ. ದುಡ್ಡು ಕಟ್ ಆಗುತ್ತೆ. ಆದ್ರೆ ಪೇಮೆಂಟ್ ಆಯ್ತು ಅಂತ ಗೇಟ್‌ವೇ ಕಳಿಸೋ ಮೆಸೇಜು ನಮ್ಮ ಸರ್ವರ್‌ಗೆ ಒಂದೊಂದು ಸಲ ಬರೋದೇ ಇಲ್ಲ. ಅದಕ್ಕೊಂದು ಚೆಕ್ ಬರೀಬೇಕು. ಒಂದು ವಾರ ಬೇಕು."

ಗಮನಿಸಿ. ಮೂರನೇ ಪ್ರಶ್ನೆಗೆ ಸರಿಯಾದ ಉತ್ತರ ಅಂದ್ರೆ ಇದೇ. ಅಡ್ಡ ಇದೆ, ಏನು ಅಂತ ಗೊತ್ತು, ಎಷ್ಟು ಟೈಮ್ ಬೇಕು ಅಂತಾನೂ ಗೊತ್ತು. ಯಾವ ಪುಸ್ತಕ ತೆಗೆದು ನೋಡಿದರೂ ಇದಕ್ಕೆ ಫುಲ್ ಮಾರ್ಕ್ಸ್.

ಲೀಡ್ ಅಣ್ಣ ಎಲ್ಲರ ಮುಂದೆ, "ಇಷ್ಟಕ್ಕೆ ಒಂದು ವಾರನಾ? ಯೂಟ್ಯೂಬಲ್ಲಿ ಹತ್ತು ನಿಮಿಷದ ವಿಡಿಯೋ ಇದೆ. ನಿನ್ನ ಕೈಲಿ ಆಗಲ್ಲ ಅಂದ್ರೆ ಬಿಡು, ಬೇರೆಯವರಿಗೆ ಕೊಡ್ತೀನಿ" ಅಂದ. ಟ್ರೆಲ್ಲೋದಲ್ಲಿ ಆ ಕಾರ್ಡು ಅಲ್ಲೇ, ಅವನ ಕಣ್ಣ ಮುಂದೇನೇ, ನನ್ನ ಹೆಸರಿಗೆ ಬಂತು. ಗೆಳೆಯನಿಗೆ ಪೋಸ್ಟರ್ ಅಪ್‌ಲೋಡ್ ಮಾಡೋ ಕೆಲಸ ಸಿಕ್ಕಿತು. ಅವನು ಏನೂ ಅನ್ನಲಿಲ್ಲ. ಮುಂದಿನ ವಾರದಿಂದ ಮೀಟಿಂಗಿಗೇ ಬರಲಿಲ್ಲ.

ಇನ್ನು ನಾನು. ಎರಡು ದಿನ ಕೂತು ನೋಡಿದೆ. ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ವಾರ ಬೇಕೇ ಬೇಕು, ನನಗಾದರೆ ಎರಡು. ಸ್ಟ್ಯಾಂಡ್‌ಅಪ್‌ನಲ್ಲಿ ನನ್ನ ಸರದಿ ಬಂತು. ಬಾಯಿಂದ ಬಂದ ಮಾತು ಇದು: "ಆಲ್ಮೋಸ್ಟ್ ಆಯ್ತು ಅಣ್ಣ."

ಮರುದಿನವೂ ಆಲ್ಮೋಸ್ಟ್. ಹನ್ನೊಂದು ದಿನ ಆಲ್ಮೋಸ್ಟ್. ನನ್ನೊಬ್ಬನದೇ ಅಲ್ಲ, ಆ ರಾತ್ರಿ ಆದಮೇಲೆ ಎಲ್ಲರ ಕೆಲಸವೂ ಆಲ್ಮೋಸ್ಟ್ ಆಗಿತ್ತು. ಯಾರಿಗೂ ಯಾವ ಅಡ್ಡವೂ ಇರಲಿಲ್ಲ. ಹದಿನೈದು ನಿಮಿಷದ ಮೀಟಿಂಗ್ ಆರು ನಿಮಿಷಕ್ಕೆ ಮುಗೀತಿತ್ತು. "ನೋಡಿ, ಟೀಮ್ ಎಷ್ಟು ಮೆಚೂರ್ ಆಗಿದೆ" ಅಂತ ಅಣ್ಣ ಹೊಗಳಿದ್ದ.

ರಿಜಿಸ್ಟ್ರೇಶನ್ ತೆರೆದ ದಿನ 41 ಜನರ ದುಡ್ಡು ಕಟ್ ಆಯ್ತು, ನಮ್ಮ ಕಡೆ 'ಪೆಂಡಿಂಗ್' ಅಂತ ನಿಂತಿತು. ಅದರಲ್ಲಿ ಹೊರಗಿನ ಕಾಲೇಜಿನವರೂ ಇದ್ದರು. ಎರಡು ರಾತ್ರಿ ಕೂತು ಒಬ್ಬೊಬ್ಬರ ಯುಪಿಐ ರೆಫರೆನ್ಸ್ ನಂಬರ್ ತರಿಸಿಕೊಂಡು ಎಕ್ಸೆಲ್‌ನಲ್ಲಿ ತಾಳೆ ನೋಡಿದೆವು. ಎರಡನೇ ರಾತ್ರಿ ಎರಡು ಗಂಟೆಗೆ ಟೀ ಹಿಡಿದುಕೊಂಡು ಬಂದವನು ಅದೇ ಗೆಳೆಯ. "ಹೇಳಿದ್ನಲ್ಲ" ಅಂತ ಒಂದು ಮಾತೂ ಅನ್ನದೆ ಪಕ್ಕದಲ್ಲಿ ಕೂತು ನಂಬರ್ ಓದಿದ. ಬೈದಿದ್ದರೆ ಚೆನ್ನಾಗಿರ್ತಿತ್ತು.

ಇಲ್ಲಿವರೆಗೂ ಓದಿದರೆ ಲೀಡ್ ಅಣ್ಣನೇ ವಿಲನ್ ಅನ್ನಿಸುತ್ತೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಗಿದ್ದು, ರಿಜಿಸ್ಟ್ರೇಶನ್ ತೆರೆಯೋ ತಾರೀಖು ನಮ್ಮ ಟೀಮ್ ಹುಟ್ಟೋಕೆ ಮುಂಚೆಯೇ ಫ್ಲೆಕ್ಸ್ ಮೇಲೆ ಪ್ರಿಂಟ್ ಆಗಿತ್ತು. ಪ್ರತಿ ಸೋಮವಾರ ಕೋಆರ್ಡಿನೇಟರ್ ಸರ್ ರೂಮಿಗೆ ಹೋಗಿ ಅವನು ಉತ್ತರ ಕೊಡಬೇಕಿತ್ತು. ಅಲ್ಲಿ ಅವನು ಹೇಳ್ತಿದ್ದಿದ್ದು "ಆಗುತ್ತೆ ಸರ್". ನನ್ನ ಆಲ್ಮೋಸ್ಟ್ ಒಂದು ಮೆಟ್ಟಿಲು ಹತ್ತಿ 'ಆಗುತ್ತೆ ಸರ್' ಆಗ್ತಿತ್ತು. ಸರ್ ಅದನ್ನೇ ಇನ್ನೂ ಮೇಲಿನವರಿಗೆ 'ರೆಡಿ ಇದೆ' ಅಂತ ಹೇಳಿರಬೇಕು. ಮೆಸ್ ಮೆಟ್ಟಿಲಿನಿಂದ ಆಫೀಸಿನವರೆಗೆ ಹೋಗೋ ಅಷ್ಟರಲ್ಲಿ ಒಂದು ಸುಳ್ಳು ಎಷ್ಟು ಬೆಳೆಯುತ್ತೆ ನೋಡಿ.

ಇದೆಲ್ಲ ಹುಡುಗಾಟ, ಕಂಪನಿಯಲ್ಲಿ ಹೀಗಿರಲ್ಲ ಅಂದುಕೊಂಡು ದೊಡ್ಡಮ್ಮನ ಮಗಳ ಹತ್ತಿರ ಹೇಳಿಕೊಂಡೆ. ಅಕ್ಕ ಬೆಂಗಳೂರಿನಲ್ಲಿ ಆರು ವರ್ಷದಿಂದ ಸಾಫ್ಟ್‌ವೇರ್ ಕೆಲಸ ಮಾಡ್ತಾಳೆ. ಕಂಪನಿ ಹೆಸರು ಹೇಳಲ್ಲ, ಅವಳಿಗೆ ಈ ತಿಂಗಳು ಅಪ್ರೈಸಲ್ ಇದೆ. ಅವಳು ನಕ್ಕಳು. "ನಿಮ್ಮದು ಪರವಾಗಿಲ್ಲ ಕಣೋ, ನಿಮಗೆ ಸುಳ್ಳು ಹೇಳೋಕೆ ಹನ್ನೊಂದು ದಿನ ಬೇಕಾಯ್ತು. ನಮ್ಮಲ್ಲಿ ಅದಕ್ಕೆ ಸಿಸ್ಟಮ್ಮೇ ಇದೆ."

ಅವಳು ಹೇಳಿದ್ದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನಮಗೆಲ್ಲ ಮುಂದೆ ಬರೋ ವಿಷಯ. ಒಂದು ಕೆಲಸ ಎಷ್ಟು ದೊಡ್ಡದು ಅನ್ನೋಕೆ ಅಜೈಲ್ ಟೀಮ್‌ಗಳು ಸ್ಟೋರಿ ಪಾಯಿಂಟ್ ಕೊಡ್ತಾರೆ. 1, 2, 3, 5, 8 ಅಂತ. ಗಂಟೆ ಲೆಕ್ಕ ಅಲ್ಲ ಅದು. ಟೀಮಿನೊಳಗೆ ಈ ಕೆಲಸ ಅದಕ್ಕಿಂತ ದೊಡ್ಡದಾ ಚಿಕ್ಕದಾ ಅಂತ ಮಾತಾಡೋಕೆ ಒಂದು ಅಂದಾಜು, ಅಷ್ಟೇ. ಅಕ್ಕನ ಕಂಪನಿಯಲ್ಲಿ ಒಬ್ಬ ಮ್ಯಾನೇಜರ್ ಎರಡು ಟೀಮಿನ ಪಾಯಿಂಟನ್ನ ಒಂದೇ ಸ್ಲೈಡಿನಲ್ಲಿ ಅಕ್ಕಪಕ್ಕ ಹಾಕಿ, "ಅವರು ಒಂದು ಸ್ಪ್ರಿಂಟಿಗೆ ಅರವತ್ತು ಮಾಡ್ತಾರೆ, ನೀವ್ಯಾಕೆ ನಲವತ್ತು?" ಅಂತ ಕೇಳಿದ. ಮುಂದಿನ ಸ್ಪ್ರಿಂಟಿನಲ್ಲಿ ಇವರೂ ಅರವತ್ತು ಮಾಡಿದರು. ಕೆಲಸ ಅಷ್ಟೇ ಇತ್ತು. ಮೂರು ಪಾಯಿಂಟಿನ ಕೆಲಸಕ್ಕೆ ಐದು ಅಂತ ಬರೆದರು, ಐದರದ್ದಕ್ಕೆ ಎಂಟು. ಮ್ಯಾನೇಜರ್ ಖುಷಿ. ಸ್ಟೋರಿ ಪಾಯಿಂಟ್ ಕಂಡುಹಿಡಿದಿದ್ದು ಬಹುಶಃ ನಾನೇ ಇರಬೇಕು, ಹಾಗಿದ್ದರೆ ಕ್ಷಮಿಸಿ ಅನ್ನೋ ಅರ್ಥದಲ್ಲಿ ರಾನ್ ಜೆಫ್ರೀಸ್ ಅನ್ನೋ ಹಿರಿಯರು ಬರೆದುಕೊಂಡಿದ್ದಾರೆ. ಅವರಿಗೆ ಬೇಜಾರಾಗಿದ್ದು ಇಂಥ ದುರುಪಯೋಗಕ್ಕೇ.

ಇನ್ನೊಂದು ರೆಟ್ರೋ ಕಥೆ. ಸ್ಪ್ರಿಂಟ್ ಮುಗಿದ ಮೇಲೆ ಏನು ಚೆನ್ನಾಗಾಯ್ತು, ಏನು ಕೆಟ್ಟಿತು ಅಂತ ಟೀಮ್ ಕೂತು ಮಾತಾಡೋದಕ್ಕೆ ರೆಟ್ರೋಸ್ಪೆಕ್ಟಿವ್ ಅಂತಾರೆ. ಅಕ್ಕನ ಟೀಮಿನ ಒಬ್ಬರು ಒಂದು ಸಲ "ಟೆಸ್ಟಿಂಗಿಗೆ ಟೈಮೇ ಕೊಡ್ತಿಲ್ಲ" ಅಂತ ಚೀಟಿ ಬರೆದರು. ಆರು ತಿಂಗಳಾದ ಮೇಲೆ ಅವರ ಅಪ್ರೈಸಲ್‌ನಲ್ಲಿ 'ನೆಗೆಟಿವ್ ಮನೋಭಾವ' ಅಂತ ಬಂತು. ಅವತ್ತಿನಿಂದ ಆ ಟೀಮಿನ ರೆಟ್ರೋದಲ್ಲಿ ಏನು ಕೆಟ್ಟಿತು ಅನ್ನೋ ಕಾಲಮ್ಮಿಗೆ ಬರೋ ಚೀಟಿ ಒಂದೇ: ಟೀಮ್ ಲಂಚ್ ಇನ್ನೂ ಜಾಸ್ತಿ ಬೇಕು.

ಅಕ್ಕ ಹೇಳಿದ್ದು ಕೇಳಿ ನಗು ಬಂತು. ರಾತ್ರಿ ಮಲಗಿದಾಗ ಹೊಳೀತು, ಅವಳ ಟೀಮಿನವರೂ ನಾನೂ ಮಾಡಿದ್ದು ಒಂದೇ. ಮೊದಲು ನಿಜ ಹೇಳಿದವನಿಗೆ ಏನಾಯ್ತು ಅಂತ ನೋಡಿಕೊಂಡು, ಅದಕ್ಕೆ ತಕ್ಕ ಹಾಗೆ ಬಾಯಿ ಬಿಟ್ವಿ.

ನನ್ನ ಅಭಿಪ್ರಾಯ ಇಷ್ಟೇ. ಒಂದು ಟೀಮ್ ಅಜೈಲಾ ಅಲ್ವಾ ಅಂತ ಬೋರ್ಡ್ ನೋಡಿ, ಸ್ಟ್ಯಾಂಡ್‌ಅಪ್ ನೋಡಿ ಗೊತ್ತಾಗಲ್ಲ. ಅಲ್ಲಿ ಮೊದಲು ಕೆಟ್ಟ ಸುದ್ದಿ ಹೇಳಿದವನು ಈಗ ಎಲ್ಲಿದ್ದಾನೆ ಅಂತ ಕೇಳಬೇಕು.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಅನ್ನೋ ಹಿಮದ ರೆಸಾರ್ಟಿನಲ್ಲಿ 17 ಜನ ಸೇರಿ ಅಜೈಲ್ ಮ್ಯಾನಿಫೆಸ್ಟೋ ಬರೆದರು. ಓದಿಲ್ಲದಿದ್ದರೆ ಒಂದು ಸಲ ಓದಿ, ಅರ್ಧ ಪುಟಾನೂ ಇಲ್ಲ. ಅದರಲ್ಲಿ ಸ್ಟ್ಯಾಂಡ್‌ಅಪ್ ಇಲ್ಲ, ಸ್ಪ್ರಿಂಟ್ ಇಲ್ಲ, ಜಿರಾ ಅಂತೂ ಇಲ್ವೇ ಇಲ್ಲ. ಮೊದಲನೇ ಸಾಲೇ ಟೂಲು, ಪ್ರೊಸೆಸ್ಸುಗಳಿಗಿಂತ ಜನ ಮತ್ತು ಅವರ ಮಾತುಕತೆ ಮುಖ್ಯ ಅಂತ ಹೇಳುತ್ತೆ. ಜೊತೆಗಿರೋ 12 ತತ್ವಗಳಲ್ಲಿ ಒಂದು, ಕೆಲಸ ಮಾಡೋ ಹುಮ್ಮಸ್ಸು ಇರೋರನ್ನ ಸೇರಿಸಿ, ಅವರಿಗೆ ಬೇಕಾದ್ದು ಕೊಟ್ಟು, ಅವರನ್ನ ನಂಬಿ ಅನ್ನುತ್ತೆ. ನಮ್ಮ ಟೀಮಿನಲ್ಲಿ ಉಳಿದದ್ದೆಲ್ಲ ಇತ್ತು, ಈ 'ನಂಬಿ' ಅನ್ನೋದು ಮಾತ್ರ ಇರಲಿಲ್ಲ.

ಸ್ಕ್ರಮ್ ಗೈಡ್‌ದೂ ಇದೇ ಕಥೆ. ಅದನ್ನ ಬರೆದವರು ಕೆನ್ ಶ್ವಾಬರ್ ಮತ್ತು ಜೆಫ್ ಸದರ್ಲ್ಯಾಂಡ್, ಇಬ್ಬರೂ ಆ 17 ಜನರಲ್ಲಿದ್ದವರು. ಸ್ಪ್ರಿಂಟಿನಲ್ಲಿ ಇಷ್ಟು ಕೆಲಸ ಮಾಡ್ತೀವಿ ಅಂತ ಟೀಮ್ ಹೇಳೋದನ್ನ ಮೊದಲು 'ಕಮಿಟ್‌ಮೆಂಟ್' ಅಂತಿದ್ದರು. 2011ರ ಗೈಡಿನಲ್ಲಿ ಅದನ್ನ ತೆಗೆದು 'ಫೋರ್ಕಾಸ್ಟ್' ಅಂತ ಮಾಡಿದರು. ಹವಾಮಾನ ವರದಿ ಥರ. ನಾಳೆ ಮಳೆ ಬರಬಹುದು ಅಂದವರನ್ನ ಮಳೆ ಬರಲಿಲ್ಲ ಅಂತ ಯಾರೂ ಕಟಕಟೆಯಲ್ಲಿ ನಿಲ್ಲಿಸಲ್ಲ. ಆದರೆ ಅಕ್ಕನ ಕಂಪನಿಯಲ್ಲಿ ಇವತ್ತಿಗೂ "ನೀವು ಕಮಿಟ್ ಮಾಡಿದ್ರಿ" ಅಂತಾನೇ ಕೇಳೋದಂತೆ. ನಾವು ಮೆಸ್ ಮೆಟ್ಟಿಲಲ್ಲಿ ಮಂತ್ರದ ಥರ ಒಪ್ಪಿಸ್ತಿದ್ದ ಮೂರು ಪ್ರಶ್ನೆಗಳೂ 2020ರ ಗೈಡಿನಲ್ಲಿ ಇಲ್ಲ. ನಮ್ಮ ಅಣ್ಣನಿಗೆ ಯಾರೂ ಹೇಳಿರಲಿಲ್ಲ ಅನ್ಸುತ್ತೆ.

ಈಗ ಒಂದು ದೊಡ್ಡ ಉದಾಹರಣೆ. ಎಫ್‌ಬಿಐ ಅಂದ್ರೆ ನಮಗೆಲ್ಲ ಸಿನಿಮಾದ ನೀಲಿ ಸ್ಕ್ರೀನು, ಸೆಕೆಂಡಿನಲ್ಲಿ ಸಿಗೋ ಮುಖ ನೆನಪಾಗುತ್ತೆ. ನಿಜದಲ್ಲಿ ಈ ಶತಮಾನದ ಮೊದಲ ಹತ್ತು ವರ್ಷ ಅವರು ಕೇಸ್ ಫೈಲುಗಳನ್ನ ಹೆಚ್ಚಾಗಿ ಕಾಗದದಲ್ಲೇ ನಡೆಸ್ತಿದ್ದರು. ಅದನ್ನ ಕಂಪ್ಯೂಟರಿಗೆ ತರೋಕೆ ವರ್ಚುವಲ್ ಕೇಸ್ ಫೈಲ್ ಅನ್ನೋ ಪ್ರಾಜೆಕ್ಟ್ ಮಾಡಿ, ಸುಮಾರು 17 ಕೋಟಿ ಡಾಲರ್ ಖರ್ಚಾದ ಮೇಲೆ 2005ರಲ್ಲಿ ಕೈಬಿಟ್ಟರು. 2006ರಲ್ಲಿ ಸೆಂಟಿನೆಲ್ ಅಂತ ಮತ್ತೆ ಶುರು. ಕಾಂಟ್ರ್ಯಾಕ್ಟ್ ಲಾಕ್‌ಹೀಡ್ ಮಾರ್ಟಿನ್‌ಗೆ. ನಾಲ್ಕು ಹಂತ, 2009ಕ್ಕೆ ಮುಗೀಬೇಕು. 2010ರ ಹೊತ್ತಿಗೆ 45.1 ಕೋಟಿ ಡಾಲರಿನ ಬಜೆಟ್ಟಿನಲ್ಲಿ 40.5 ಕೋಟಿ ಮುಗಿದಿತ್ತು, ಕೈಗೆ ಸಿಕ್ಕಿದ್ದು ಎರಡೇ ಹಂತ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಆಲ್ಮೋಸ್ಟ್.

ಆಗ ಎಫ್‌ಬಿಐ ಕೆಲಸವನ್ನ ತನ್ನ ಕೈಗೇ ತಗೊಂಡಿತು. ಚಿಕ್ಕ ಟೀಮ್, ಎರಡು ವಾರದ ಸ್ಪ್ರಿಂಟ್. ಇದನ್ನ ಸ್ಕ್ರಮ್ ಗೆದ್ದ ಕಥೆ ಅಂತ ಎಲ್ಲ ಕಡೆ ಹೇಳ್ತಾರೆ. ನನಗೆ ಅದಕ್ಕಿಂತ ಇಷ್ಟವಾಗೋದು ಆಮೇಲಿನ ಒಂದು ವಿಷಯ. 2011ರ ಅಕ್ಟೋಬರಿನಲ್ಲಿ ನೂರಾರು ಜನರನ್ನ ಕೂರಿಸಿ ಸಿಸ್ಟಮನ್ನ ಪರೀಕ್ಷೆ ಮಾಡಿದರು. ಅದು ಮಧ್ಯದಲ್ಲೇ ನಿಂತುಹೋಯ್ತು. ಇರೋ ಹಾರ್ಡ್‌ವೇರ್ ಸಾಲಲ್ಲ ಅಂತ ಗೊತ್ತಾಯ್ತು. ಅಷ್ಟೊತ್ತಿಗೆ ಅವರು ಕೊಟ್ಟಿದ್ದ ತಾರೀಖು ಒಂದು ಸಲ ದಾಟಿತ್ತು, ಎಲ್ಲರ ಕಣ್ಣೂ ಅವರ ಮೇಲಿತ್ತು. 'ಚಿಕ್ಕಪುಟ್ಟ ತೊಂದರೆ, ಆಗುತ್ತೆ ಸರ್' ಅಂದು ಬಿಡಬಹುದಿತ್ತು. ತಾರೀಖನ್ನ ಇನ್ನೂ ಮುಂದೆ ಹಾಕಿದರು, ಹಾರ್ಡ್‌ವೇರ್ ಸರಿಮಾಡಿಕೊಂಡರು, 2012ರ ಜುಲೈ 1ರಂದು ಎಲ್ಲರಿಗೂ ಬಿಟ್ಟರು. ಅದೇ ಎಫ್‌ಬಿಐ, ಅದೇ ಸರ್ಕಾರಿ ಕಟ್ಟಡ. ಎರಡು ವಾರಕ್ಕೊಂದು ಸಲ ಮಾಡಿದ್ದನ್ನ ಬಳಸೋರ ಮುಂದೆ ಇಟ್ಟು ತೋರಿಸಬೇಕು ಅಂದಾಗ ಆಲ್ಮೋಸ್ಟ್ ಅನ್ನೋಕೆ ಜಾಗ ಕಮ್ಮಿ ಆಗುತ್ತೆ. ಮತ್ತೆ, ಕೆಟ್ಟಿದ್ದು ಕಂಡಾಗ ತಾರೀಖು ಬದಲಿಸೋ ಅಧಿಕಾರ ಇದ್ದವರು ಅದನ್ನ ಬದಲಿಸಿದರು. ನಮ್ಮ ಫ್ಲೆಕ್ಸಿನ ತಾರೀಖು ಬದಲಿಸೋಕೆ ಯಾರಿಗೂ ಆಗಲಿಲ್ಲ, ಅಥವಾ ಬದಲಿಸಬಹುದಾ ಅಂತ ಯಾರೂ ಕೇಳಲೇ ಇಲ್ಲ.

ಇದನ್ನೆಲ್ಲ ಕ್ಯಾಂಟೀನಿನಲ್ಲಿ ಹೇಳಿದರೆ ಒಂದು ಉತ್ತರ ರೆಡಿ ಇರುತ್ತೆ. "ಅದೆಲ್ಲ ಅಮೆರಿಕಾದಲ್ಲಿ ಮಗಾ. ನಮ್ಮವರ ಸ್ವಭಾವವೇ ಹಾಗೆ. ದೊಡ್ಡವರ ಮುಂದೆ ಇಲ್ಲ ಅನ್ನೋಕೆ ನಮಗೆ ಬರಲ್ಲ." ಈ ಮಾತು ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳೋಕೆ ಒಂದು ಕಾರ್ ಫ್ಯಾಕ್ಟರಿಗೆ ಹೋಗಬೇಕು. ದಾರಿ ತಪ್ಪಿಲ್ಲ. ನಮ್ಮ ಟ್ರೆಲ್ಲೋ ಥರದ ಕಾನ್ಬಾನ್ ಬೋರ್ಡ್ ಇದೆಯಲ್ಲ, ಆ ಕಾನ್ಬಾನ್ ಅನ್ನೋದು ಬಂದಿದ್ದೇ ಟೊಯೊಟಾ ಫ್ಯಾಕ್ಟರಿಗಳಿಂದ.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಜನರಲ್ ಮೋಟರ್ಸ್‌ದು ಒಂದು ಫ್ಯಾಕ್ಟರಿ ಇತ್ತು. ಅಲ್ಲಿನ ಕೆಲಸಗಾರರಿಗೆ ಭಾರಿ ಕೆಟ್ಟ ಹೆಸರು. ಕೆಲಸಕ್ಕೆ ಬರಲ್ಲ, ಬಂದರೂ ಕುಡಿದು ಬರ್ತಾರೆ ಅಂತ. ಲೈನ್ ಮಾತ್ರ ಯಾವ ಕಾರಣಕ್ಕೂ ನಿಲ್ಲೋ ಹಾಗಿರಲಿಲ್ಲ. ಕಾರಿನಲ್ಲಿ ದೋಷ ಕಂಡರೂ ಮುಂದೆ ಕಳಿಸ್ತಿದ್ದರು, ರಿಪೇರಿ ಕೊನೆಯಲ್ಲಿ. 1982ರಲ್ಲಿ ಮುಚ್ಚಿದರು. 1984ರಲ್ಲಿ ಜಿಎಂ ಮತ್ತು ಟೊಯೊಟಾ ಸೇರಿ ಅದೇ ಜಾಗದಲ್ಲಿ ನಮ್ಮಿ ಅನ್ನೋ ಹೆಸರಿನಲ್ಲಿ ಮತ್ತೆ ತೆರೆದರು. (ಹೆಸರು ಕೇಳಿ ನಮ್ಮೂರಿನದು ಅನ್ನಿಸಿತಾ? ನನಗೂ.) ಕೆಲಸಕ್ಕೆ ತಗೊಂಡಿದ್ದು ಹೆಚ್ಚಿನಂಶ ಅದೇ ಹಳೇ ಕೆಲಸಗಾರರನ್ನ, ಯೂನಿಯನ್ನೂ ಅದೇ. ನಿರ್ವಹಣೆ ಮಾತ್ರ ಟೊಯೊಟಾದ್ದು.

ಅಲ್ಲಿ ಲೈನಿನ ಉದ್ದಕ್ಕೂ ಒಂದು ಹಗ್ಗ. ಅದಕ್ಕೆ ಆಂಡಾನ್ ಕಾರ್ಡ್ ಅಂತಾರೆ, ಆಂಡಾನ್ ಅಂದ್ರೆ ಜಪಾನಿಯಲ್ಲಿ ಲಾಟೀನು. ತೊಂದರೆ ಕಂಡರೆ ಯಾವ ಕೆಲಸಗಾರ ಬೇಕಾದರೂ ಹಗ್ಗ ಎಳೀಬಹುದು. ಎಳೆದರೆ ದೀಪ ಹತ್ತುತ್ತೆ, ಸಂಗೀತ ಬರುತ್ತೆ, ಟೀಮ್ ಲೀಡರ್ ಓಡಿ ಬಂದು ಏನಾಯ್ತು ಅಂತ ಕೇಳ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಲೈನ್ ನಿಲ್ಲುತ್ತೆ. ಎಳೆದವನಿಗೆ ಬೈಗುಳ ಇಲ್ಲ. ಎಳೀಲಿಲ್ಲ ಅಂದ್ರೇನೇ ಪ್ರಶ್ನೆ. ಸ್ವಲ್ಪ ಕಾಲದಲ್ಲೇ ಆ ಫ್ಯಾಕ್ಟರಿಯ ಕಾರುಗಳು ಗುಣಮಟ್ಟದಲ್ಲಿ ಅಮೆರಿಕದ ಒಳ್ಳೆಯ ಫ್ಯಾಕ್ಟರಿಗಳ ಸಾಲಿಗೆ ಬಂದವು, ಕೆಲಸಕ್ಕೆ ಚಕ್ಕರ್ ಹೊಡೆಯೋರ ಸಂಖ್ಯೆ ಪೂರ್ತಿ ಇಳೀತು. ಸ್ವಭಾವ ಅಂತೀವಲ್ಲ, ಅದು ಎರಡು ವರ್ಷ ಬಾಗಿಲು ಮುಚ್ಚಿದ್ದಕ್ಕೆ ಬದಲಾಯ್ತಾ?

ಆಮೇಲೆ ಜಿಎಂ ಇದೇ ಪದ್ಧತಿಯನ್ನ ತನ್ನ ವ್ಯಾನ್ ನೈಸ್ ಫ್ಯಾಕ್ಟರಿಗೂ ತರೋಕೆ ಹೋಯ್ತು. ಅಲ್ಲಿ ಅದು ಬೇರು ಬಿಡಲಿಲ್ಲ. ಆ ಫ್ಯಾಕ್ಟರಿ 1992ರಲ್ಲಿ ಮುಚ್ಚಿತು. ಹಗ್ಗ ಕಟ್ಟೋದು ಸುಲಭ, ಟ್ರೆಲ್ಲೋ ಅಕೌಂಟ್ ತೆರೆದಷ್ಟೇ ಸುಲಭ.

ಟೊಯೊಟಾನ ದೇವರು ಮಾಡ್ತಿಲ್ಲ ನಾನು. ಮೈಸೂರು ಕಡೆಯಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗೋರಿಗೆ ಬಿಡದಿ ಗೊತ್ತಲ್ಲ, ಅಲ್ಲಿನ ಟೊಯೊಟಾ ಫ್ಯಾಕ್ಟರಿಯಲ್ಲೇ 2020ರ ನವೆಂಬರಿನಲ್ಲಿ ದೊಡ್ಡ ಮುಷ್ಕರ, ಲಾಕೌಟ್ ಎಲ್ಲ ಆಯ್ತು. ಕೆಲಸದ ಹೊರೆ ಜಾಸ್ತಿ ಅನ್ನೋದು ಯೂನಿಯನ್ನಿನ ದೂರುಗಳಲ್ಲಿ ಒಂದು. ಯಾರು ಸರಿ ಯಾರು ತಪ್ಪು ಅನ್ನೋ ತೀರ್ಪು ಕೊಡೋಕೆ ನಾನು ಯಾರೂ ಅಲ್ಲ. ನನಗನ್ನಿಸಿದ್ದು, ಬೋರ್ಡಿನ ಮೇಲೆ ಟೊಯೊಟಾ ಅಂತ ಇದ್ದ ಮಾತ್ರಕ್ಕೆ ಎಲ್ಲ ತಾನಾಗೇ ಸರಿ ಇರಲ್ಲ. 'ನಮ್ಮದು ಅಜೈಲ್' ಅನ್ನೋ ಬೋರ್ಡಿಗೂ ಅಷ್ಟೇ ಬೆಲೆ.

ಇನ್ನು ನಮ್ಮವರ ಸ್ವಭಾವದ ಮಾತು. ಹೋದ ಮೇ ತಿಂಗಳು ನಮ್ಮ ಕಡೆ ಒಂದು ಮದುವೆಗೆ ಹೋಗಿದ್ದೆ. ನನ್ನ ಕೆಲಸ ಬಡಿಸೋದು, ಹಾಗಾಗಿ ಅಡುಗೆಮನೆಗೂ ಪಂಕ್ತಿಗೂ ಓಡಾಟ. ಎರಡನೇ ಪಂಕ್ತಿ ಅರ್ಧ ಆಗಿತ್ತು. ಅಡುಗೆ ಭಟ್ಟರ ಜೊತೆ ಬಂದಿದ್ದ ಹುಡುಗ, ನನಗಿಂತ ಚಿಕ್ಕವನೇ ಇರಬೇಕು, ಇಡೀ ಅಡುಗೆಮನೆಗೆ ಕೇಳೋ ಹಾಗೆ ಕೂಗಿದ, "ಅನ್ನ ಸಾಲಲ್ಲ ಭಟ್ರೇ, ಮುಂದಿನ ಪಂಕ್ತಿ ಈಗಲೇ ಕೂರಿಸ್ಬೇಡಿ!" ಭಟ್ಟರು "ನಿನ್ನ ಕೈಲಿ ಆಗಲ್ಲ ಅಂದ್ರೆ ಬಿಡು" ಅನ್ನಲಿಲ್ಲ. ತಿರುಗಿ ನೋಡಿ, "ಇನ್ನೊಂದು ಕೊಳದಪ್ಪಲೆ ಇಡು, ಸಾರು ನಿಧಾನಕ್ಕೆ ಬಿಡ್ರೋ" ಅಂದ್ರು. ಹುಡುಗಿಯ ಸೋದರಮಾವ ಹೋಗಿ ಛತ್ರದ ಬಾಗಿಲಲ್ಲಿ ನಿಂತು ಜನರನ್ನ ಮಾತಾಡಿಸ್ತಾ ಇಪ್ಪತ್ತು ನಿಮಿಷ ತಡೆದರು. ಊಟಕ್ಕೆ ಬಂದವರಿಗೆ ಏನೂ ಗೊತ್ತಾಗಲಿಲ್ಲ. ಆ ಹುಡುಗನಿಗೆ ಯಾರೂ ನೆಗೆಟಿವ್ ಮನೋಭಾವ ಅನ್ನಲಿಲ್ಲ. ಅಲ್ಲಿ ಸುಳ್ಳು ಹೇಳಿದರೆ ಹತ್ತು ನಿಮಿಷದಲ್ಲಿ ಎಲೆ ಮುಂದೆ ಕೂತವರಿಗೆ ಗೊತ್ತಾಗುತ್ತೆ, ಅದಕ್ಕೇ ಯಾರೂ ಹೇಳಲ್ಲ. ಹೇಳೋ ಅಗತ್ಯಾನೂ ಯಾರಿಗೂ ಇಲ್ಲ. ಹಾಗಾದರೆ ನಮ್ಮವರಿಗೆ ಕೆಟ್ಟ ಸುದ್ದಿ ಹೇಳೋಕೆ ಬರಲ್ಲ ಅಂತ ಯಾರು ಹೇಳಿದ್ದು?

ನಮಗೆ ಆ ಅಭ್ಯಾಸ ತಪ್ಪಿಸೋದು ಎಲ್ಲಿ ಅಂತ ಯೋಚನೆ ಮಾಡಿದೆ. ಸ್ವಲ್ಪ ಖಾರವಾಗಿ ಹೇಳ್ತೀನಿ, ಓದ್ತಿರೋ ಮೇಷ್ಟ್ರುಗಳು ಬೇಜಾರು ಮಾಡ್ಕೋಬಾರದು. ನಮ್ಮ ಮಿನಿ ಪ್ರಾಜೆಕ್ಟ್ ಲಾಗ್‌ಬುಕ್ ತೆಗೆದು ನೋಡಿ. ವಾರ ಒಂದು: ಟಾಪಿಕ್ ಆಯ್ಕೆ, ಮುಗಿದಿದೆ. ವಾರ ಎರಡು: ಡಿಸೈನ್, ಮುಗಿದಿದೆ. ಹೀಗೇ ಕೊನೆವರೆಗೂ ಮುಗಿದಿದೆ, ಮುಗಿದಿದೆ. ಅದೆಲ್ಲ ಬರೆದಿದ್ದು ಸಬ್‌ಮಿಶನ್ ಹಿಂದಿನ ರಾತ್ರಿ, ನಾಲ್ಕು ಬಣ್ಣದ ಪೆನ್ನಲ್ಲಿ, ಬೇರೆ ಬೇರೆ ದಿನ ಬರೆದ ಹಾಗೆ ಕಾಣಲಿ ಅಂತ. ನಾವೂ ಬರೀತೀವಿ, ಅವರೂ ಸೈನ್ ಹಾಕ್ತಾರೆ. ವೈವಾದಲ್ಲಿ "ಈ ಭಾಗ ನಮಗೆ ಆಗಲಿಲ್ಲ ಮೇಡಂ, ಇಲ್ಲಿ ಸಿಕ್ಕಿಹಾಕಿಕೊಂಡ್ವಿ" ಅಂದ ಬ್ಯಾಚಿಗೆ ಮಾರ್ಕ್ಸ್ ಕಮ್ಮಿ. ಯೂಟ್ಯೂಬಿನಿಂದ ಪೂರ್ತಿ ಎತ್ತಿಕೊಂಡು ಬಂದು ಓಡಿಸಿ ತೋರಿಸಿದ ಬ್ಯಾಚಿಗೆ ಜಾಸ್ತಿ. ನಾಲ್ಕು ವರ್ಷ ಇದನ್ನೇ ಕಲಿತು ಹೋದವನು ಕಂಪನಿಯ ಸ್ಟ್ಯಾಂಡ್‌ಅಪ್‌ನಲ್ಲಿ ಮೊದಲ ದಿನವೇ ಆಲ್ಮೋಸ್ಟ್ ಅನ್ನದೆ ಇನ್ನೇನು ಅಂತಾನೆ?

ಹಾರ್ವರ್ಡಿನ ಏಮಿ ಎಡ್ಮಂಡ್ಸನ್ ಅನ್ನೋ ಪ್ರೊಫೆಸರ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗೋ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದ್ದರು. ಒಳ್ಳೆ ಟೀಮಿನಲ್ಲಿ ತಪ್ಪು ಕಮ್ಮಿ ಇರುತ್ತೆ ಅಂದುಕೊಂಡರೆ ಲೆಕ್ಕ ಉಲ್ಟಾ ಬಂತು. ಒಳ್ಳೆ ಟೀಮ್‌ಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಅವರು ಜಾಸ್ತಿ ತಪ್ಪು ಮಾಡ್ತಿದ್ದರು ಅಂತಲ್ಲ, ಆದದ್ದನ್ನ ಮುಚ್ಚಿಡದೆ ಹೇಳಿಕೊಳ್ತಿದ್ದರು. ಅದಕ್ಕೇ ಈಗ ನನಗೆ ಎಲ್ಲ ಹಸಿರು ಇರೋ ಬೋರ್ಡ್ ನೋಡಿದರೆ ಭಯ ಆಗುತ್ತೆ.

ಆದ್ದರಿಂದ ಒಂದು ಸಣ್ಣ ಬೇಡಿಕೆ. ಲಾಗ್‌ಬುಕ್ಕಿನಲ್ಲಿ ಪ್ರತಿ ವಾರ 'ಏನು ಕೆಟ್ಟಿತು' ಅಂತ ಒಂದು ಕಾಲಮ್ ಇರಲಿ, ಅದಕ್ಕೂ ಮಾರ್ಕ್ಸ್ ಇರಲಿ. ಖಾಲಿ ಬಿಟ್ಟವರಿಗೆ ಕಮ್ಮಿ. ನಮ್ಮ ಡಿಪಾರ್ಟ್‌ಮೆಂಟಿನ ಒಬ್ಬ ಮೇಡಂ ಹತ್ತಿರ ಇದನ್ನ ಹೇಳಿದೆ. "ನೀವು ಅದನ್ನೂ ಕೊನೆ ರಾತ್ರಿ ಕಲ್ಪನೆ ಮಾಡಿ ಬರೀತೀರಪ್ಪ" ಅಂದ್ರು. ಇರಬಹುದು. ಹೋಗಲಿ, ಕಲ್ಪನೆಯಲ್ಲಾದರೂ ಕೆಡಲಿ.

ಈ ವರ್ಷದ ರಿಜಿಸ್ಟ್ರೇಶನ್ ಸೈಟಿನ ಲೀಡ್ ಯಾರು ಅಂತ ನೋಡಿದರೆ, ನಾನು. ಹೋದ ವರ್ಷ ಅಷ್ಟು ರಾಡಿ ಮಾಡಿದವನಿಗೆ ಯಾಕೆ ಕೊಟ್ಟರೋ, ಪೇಮೆಂಟ್ ಕೋಡ್ ಗೊತ್ತಿರೋನು ಇವನೇ ಅಂತ ಇರಬೇಕು. ಮೊದಲು ಕೋಆರ್ಡಿನೇಟರ್ ಸರ್ ರೂಮಿಗೆ ಹೋದೆ. "ಸರ್, ಮೊದಲ ಡೆಮೊ ನೋಡೋವರೆಗೂ ಫ್ಲೆಕ್ಸ್ ಮೇಲೆ ತಾರೀಖು ಹಾಕಿಸೋದು ಬೇಡ" ಅಂದೆ. ಕೈ ನಡುಗ್ತಿತ್ತು, ಸುಳ್ಳು ಹೇಳಲ್ಲ. ಸರ್ ಕನ್ನಡಕ ತೆಗೆದು ಒರೆಸಿಕೊಂಡು "ನೋಡೋಣ" ಅಂದ್ರು. ನೋಡೋಣ ಅಂದ್ರೆ ಏನು ಅಂತ ನಿಮಗೂ ಗೊತ್ತು. ಆದರೂ ಬೇಡ ಅನ್ನಲಿಲ್ಲವಲ್ಲ.

ಟೀಮಿಗೆ ಐದು ಜನ ಫಸ್ಟ್ ಇಯರ್‌ನವರು ಸೇರಿದಾರೆ. ಸೋಮವಾರ ರಾತ್ರಿ ಮೊದಲ ಸ್ಟ್ಯಾಂಡ್‌ಅಪ್, ಅದೇ ಮೆಟ್ಟಿಲ ಹತ್ತಿರ. ಮೊದಲು ಮಾತಾಡೋದು ನಾನೇ ಅಂತ ಅಂದುಕೊಂಡಿದೀನಿ, ಹೋದ ವರ್ಷದ 41 ಜನರ ಕಥೆಯಿಂದ ಶುರು ಮಾಡಿ, ಹನ್ನೊಂದು ದಿನದ ಆಲ್ಮೋಸ್ಟ್ ಸಮೇತ. ನನಗೂ ಕೋಪ ಬರುತ್ತೆ, ತಾರೀಖು ಹತ್ತಿರ ಬಂದಾಗ ಯಾರಾದರೂ "ಅಣ್ಣ, ಒಂದು ವಾರ ಬೇಕು" ಅಂದರೆ ನನ್ನ ಮುಖ ಹೇಗಾಗುತ್ತೋ ನನಗೇ ಗೊತ್ತಿಲ್ಲ. ಅದಕ್ಕೇ ಇದನ್ನ ಎಲ್ಲರೂ ಓದೋ ಜಾಗದಲ್ಲಿ ಬರೆದು ಇಡ್ತಿದೀನಿ.

ಗೆಳೆಯನನ್ನೂ ಕರೆದೆ. ಅವನು ಈಗ ರೊಬೊಟಿಕ್ಸ್ ಕ್ಲಬ್ಬಿನಲ್ಲಿ ಇದ್ದಾನೆ, ಅಲ್ಲಿ ಖುಷಿಯಾಗಿದ್ದಾನೆ. ಕ್ಯಾಂಟೀನಿನಲ್ಲಿ ಕೂರಿಸಿ, ಮಿರ್ಚಿ ಬಜ್ಜಿ ಕೊಡಿಸಿ, ಹೋದ ವರ್ಷ ನಾನು ಅವನ ಪರವಾಗಿ ಒಂದು ಮಾತೂ ಆಡದೆ ಇದ್ದಿದ್ದಕ್ಕೆ ಸಾರಿ ಕೇಳಿದೆ. ಬಜ್ಜಿ ಪೂರ್ತಿ ತಿಂದು ಮುಗಿಸಿದ. ಆಮೇಲೆ ಹೇಳಿದ, "ಪೇಮೆಂಟ್ ನಾನೇ ಮಾಡ್ತೀನಿ. ಆದ್ರೆ ಒಂದು ವಾರ ಅಂದ್ರೆ ಒಂದು ವಾರ."